ಹಲ್ಲುಜ್ಜಲು ಮೂರು ಲೀಟರಿನ ಗೀಸರ್

ಮಡಿಕೇರಿಯ ಡಿಸೆಂಬರಿನಲ್ಲಿ ನಲ್ಲಿಯ ನೀರು ಬಾಯಿಗೆ ಹಾಕಿದರೆ ನನ್ನ ಎಡ ದವಡೆಯಿಂದ ನೆತ್ತಿಯವರೆಗೂ ಜುಮ್ಮೆನ್ನುತ್ತದೆ. ಅದಕ್ಕೆಂದೇ ಬಚ್ಚಲಿನ ಬೇಸಿನ್ನಿಗೆ ಮೂರು ಲೀಟರಿನ ಇನ್‌ಸ್ಟಂಟ್ ಗೀಸರ್ ಹಾಕಿಸಿದೆ. 3 ಕಿಲೋವ್ಯಾಟಿನದು, ಮಾಮೂಲಿ ಸಣ್ಣ ಪ್ಲಗ್ಗಿಗೆ ಸಿಕ್ಕಿಸುವಂತಿಲ್ಲ, 16 ಆಂಪಿಯರಿನದೇ ಬೇಕು. ಸ್ವಿಚ್ ಒತ್ತಿ ಬ್ರಷ್ಷಿಗೆ ಪೇಸ್ಟ್ ಹಚ್ಚಿ ಉಜ್ಜಿ ಮುಗಿಸುವಷ್ಟರಲ್ಲಿ ನೀರು ಸಿದ್ಧ. ಮುಕ್ಕಳಿಸುವ ಹಿಂಸೆ ತಪ್ಪಿತು, ಅಷ್ಟರಮಟ್ಟಿಗೆ ಕೊಟ್ಟ ಹಣಕ್ಕೆ ಮೋಸವಿಲ್ಲ.

ಆದರೆ ಅಂಗಡಿಯವನು ಹೇಳಿದಂತೆ "ಬಿಸಿನೀರಿಗೆ ಹಲ್ಲು ಹೆಚ್ಚು ಬೆಳ್ಳಗಾಗುತ್ತದೆ" ಎಂಬುದು ಬರೀ ಬೊಗಳೆ. ಕೊಳೆ ತೆಗೆಯುವುದು ಬ್ರಷ್ಷಿನ ಎಳೆ, ಹುಳುಕು ತಡೆಯುವುದು ಪೇಸ್ಟಿನ ಫ್ಲೋರೈಡ್. ನೀರು ಬಿಸಿಯೋ ತಣ್ಣಗೋ ಅವಕ್ಕೆ ಲೆಕ್ಕಕ್ಕಿಲ್ಲ. ತೀರಾ ಬಿಸಿನೀರಿನಲ್ಲಿ ಅದ್ದಿದರೆ ನೈಲಾನ್ ಎಳೆ ಮೆತ್ತಗಾಗುತ್ತದೆ, ಅಷ್ಟೇ. ಜುಮ್ಮೆನ್ನುವುದಕ್ಕೂ ಕಾರಣ ಬೇರೆಯೇ: ವಸಡು ಸರಿದು ಬೇರಿನ ಭಾಗ ಬಯಲಾದಾಗ ಅಲ್ಲಿನ ಸೂಕ್ಷ್ಮ ನಾಳಗಳ ಮೂಲಕ ತಂಪು ನರಕ್ಕೆ ತಾಗುತ್ತದೆ. ಅದಕ್ಕೆ ಪೊಟ್ಯಾಶಿಯಂ ನೈಟ್ರೇಟ್ ಇರುವ ಪೇಸ್ಟೇ ಮದ್ದು, ಅದೂ ಕೆಲವು ವಾರ ಬಿಡದೆ ಹಚ್ಚಿದರೆ.

ನನ್ನ ತಕರಾರು ಒಂದೇ. ಇದರಲ್ಲಿ ಶಾಖ ಹೊಂದಿಸುವ ತಿರುಗುಣಿಯೇ ಇಲ್ಲ. ದೀಪ ಆರುವವರೆಗೆ ಕಾದರೆ ಬರುವುದು ಕಾಫಿ ಡಿಕಾಕ್ಷನ್ನಿಗೆ ಸುರಿಯುವಂಥ ನೀರು. ಮಗ್ಗಿನಲ್ಲಿ ತಣ್ಣೀರು ಬೆರೆಸದೆ ಬಾಯಿಗೆ ಹಾಕುವಂತಿಲ್ಲ. ಮನೆಯಲ್ಲಿ ಮಕ್ಕಳಿದ್ದರೆ ತಿರುಗುಣಿ ಇರುವ ಮಾದರಿಯನ್ನೇ ಕೇಳಿ ಪಡೆಯಿರಿ. ಸ್ನಾನಕ್ಕೂ ಆದೀತೆಂದು ಕೊಳ್ಳಬೇಡಿ, ಅರ್ಧ ಬಕೆಟ್ಟೂ ತುಂಬದು.