ಆನ್‌ಲೈನ್ ಸಂದರ್ಶನ ಮತ್ತು ಮುಖಾಮುಖಿ ಸಂದರ್ಶನ: ಅಭ್ಯರ್ಥಿಯ ಕಡೆಯಿಂದ ಒಂದು ವಿಮರ್ಶೆ

ಹುಬ್ಬಳ್ಳಿಯಲ್ಲಿರುವ ಅಭ್ಯರ್ಥಿಯೊಬ್ಬರು ಬೆಂಗಳೂರಿನ ಕಂಪನಿಯ ಸಂದರ್ಶನಕ್ಕೆ ಹೋಗಬೇಕಾದರೆ ಸುಮಾರು 400 ಕಿಲೋಮೀಟರ್ ದೂರದ ರಾತ್ರಿ ಪ್ರಯಾಣ, ಬೆಳಗ್ಗೆ ಸ್ನಾನಕ್ಕೊಂದು ಲಾಡ್ಜ್ ಅಥವಾ ನೆಂಟರ ಮನೆ, ಈಗಿರುವ ಕೆಲಸಕ್ಕೆ ರಜೆ, ರಜೆಗೆ ಹೇಳಲೊಂದು ಕಾರಣ, ಇಷ್ಟನ್ನೂ ಹೊಂದಿಸಿಕೊಳ್ಳಬೇಕಾಗುತ್ತದೆ. ಅಷ್ಟಾದ ಮೇಲೆ ಇಪ್ಪತ್ತು ನಿಮಿಷಗಳ ಮಾತುಕತೆಯಲ್ಲಿ ‘ತಿಳಿಸುತ್ತೇವೆ’ ಎಂಬ ಉತ್ತರ ಬರಬಹುದು. 2020ರ ನಂತರ ವ್ಯಾಪಕವಾದ ಆನ್‌ಲೈನ್ ಸಂದರ್ಶನವು ಈ ಖರ್ಚನ್ನು ಅಳಿಸಿಹಾಕಿತು. ಎಳೆಯ ಮಗುವಿರುವ ತಾಯಂದಿರಿಗೆ, ದೂರದ ಊರಿನವರಿಗೆ, ಕೆಲಸದಲ್ಲಿದ್ದುಕೊಂಡೇ ಬೇರೆ ಕೆಲಸ ಹುಡುಕುವವರಿಗೆ ಇದರಿಂದಾದ ಅನುಕೂಲವನ್ನು ಯಾರೂ ಅಲ್ಲಗಳೆಯಲಾರರು. ಮೊದಲ ಸುತ್ತಿನ ಮಟ್ಟಿಗೆ ನನ್ನ ಮತ ನಿಸ್ಸಂದೇಹವಾಗಿ ಆನ್‌ಲೈನ್‌ಗೇ.

ಯಾವ ಆ್ಯಪ್ ಎಂಬುದು ಸಾಮಾನ್ಯವಾಗಿ ಕಂಪನಿಯ ಆಯ್ಕೆಯಾದ್ದರಿಂದ ಅದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸ್ನೇಹಿತರೊಂದಿಗೆ ಅಭ್ಯಾಸ ಮಾಡುವವರು ಇಷ್ಟು ತಿಳಿದಿದ್ದರೆ ಸಾಕು: ಝೂಮ್‌ನ ಉಚಿತ ಖಾತೆಯಲ್ಲಿ ಸಭೆ 40 ನಿಮಿಷಗಳಿಗೆ ನಿಲ್ಲುತ್ತದೆ, ಗೂಗಲ್ ಮೀಟ್‌ನಲ್ಲಿ ಮೂವರು ಅಥವಾ ಹೆಚ್ಚು ಜನರಿದ್ದರೆ ಒಂದು ಗಂಟೆಯ ಮಿತಿಯಿದೆ, ಇಬ್ಬರೇ ಇದ್ದರೆ ಆ ಚಿಂತೆಯಿಲ್ಲ.

ನಿಜವಾದ ತೊಡಕು ಇರುವುದು ಮಾತಿನ ಲಯದಲ್ಲಿ. ಎದುರುಬದುರಾಗಿ ಕುಳಿತು ಮಾತನಾಡುವಾಗ ಒಬ್ಬರ ಮಾತು ಮುಗಿದು ಇನ್ನೊಬ್ಬರ ಮಾತು ಆರಂಭವಾಗುವ ನಡುವಿನ ಅಂತರ ಸರಾಸರಿ ಸೆಕೆಂಡಿನ ಐದನೇ ಒಂದು ಭಾಗದಷ್ಟು ಎಂದು ಹಲವು ಭಾಷೆಗಳನ್ನು ಹೋಲಿಸಿದ ಸಂಶೋಧಕರು ಹೇಳಿದ್ದಾರೆ. ಅಂತರ್ಜಾಲದಲ್ಲಿ ಧ್ವನಿ ತಲುಪುವಷ್ಟರಲ್ಲೇ ಅಷ್ಟು ಹೊತ್ತು ಕಳೆದುಹೋಗಬಹುದು. ಪರಿಣಾಮವಾಗಿ, ತಕ್ಷಣ ಉತ್ತರಿಸಿದವರೂ ತಡವರಿಸಿದಂತೆ ಕಾಣುತ್ತಾರೆ, ಇಲ್ಲವೇ ಸಂದರ್ಶಕರ ಮಾತಿನ ನಡುವೆ ಬಾಯಿ ಹಾಕಿದಂತಾಗುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ ಇಂಗ್ಲಿಷ್‌ನಲ್ಲಿ ಉತ್ತರಿಸಬೇಕಾದವರಿಗೆ ಇದು ಇಮ್ಮಡಿ ಹೊರೆ. ಅವರು ವಾಕ್ಯ ಜೋಡಿಸಿಕೊಳ್ಳುತ್ತಿರುವುದು ಎದುರಿಗೆ ಕುಳಿತವರಿಗೆ ಮುಖದಲ್ಲೇ ಗೊತ್ತಾಗುತ್ತದೆ, ಅವರು ಕಾಯುತ್ತಾರೆ. ಪರದೆಯ ಮೇಲಾದರೋ ಆ ಎರಡು ಕ್ಷಣಗಳ ಮೌನಕ್ಕೆ ‘ಹಲೋ, ಕೇಳಿಸುತ್ತಿದೆಯೇ?’ ಎಂಬ ಪ್ರಶ್ನೆ ಎದುರಾಗಿ, ಜೋಡಿಸಿದ ವಾಕ್ಯ ಚದುರಿಹೋಗುತ್ತದೆ. ಸಂದರ್ಶಕರ ಕಣ್ಣು ನೋಡಿದರೆ ಕ್ಯಾಮೆರಾಕ್ಕೆ ನಾವು ಕಣ್ಣು ತಪ್ಪಿಸಿದಂತೆ ತೋರುತ್ತದೆ, ಕ್ಯಾಮೆರಾ ನೋಡಿದರೆ ಅವರ ಮುಖ ನಮಗೆ ಕಾಣುವುದಿಲ್ಲ. ಇದರ ಜೊತೆಗೆ ನಮ್ಮದೇ ಮುಖವನ್ನು ನಾವು ನೋಡುತ್ತ ಕೂರಬೇಕು. ವಿಡಿಯೋ ಸಭೆಗಳ ದಣಿವಿಗೆ ಇದೂ ಒಂದು ಕಾರಣವೆಂದು ಸ್ಟ್ಯಾನ್‌ಫರ್ಡ್‌ನ ಜೆರೆಮಿ ಬೈಲೆನ್ಸನ್ 2021ರಲ್ಲಿ ಬರೆದಿದ್ದರು. ಆ ಚೌಕವನ್ನು ಮರೆಮಾಡುವ ಸೌಲಭ್ಯವಿದೆ, ಬಳಸಿಕೊಳ್ಳಿ.

ಆದರೂ ನನ್ನ ಮುಖ್ಯ ಆಕ್ಷೇಪ ಬೇರೆಯೇ. ಸಂದರ್ಶನವೆಂದರೆ ಕಂಪನಿಯು ಅಭ್ಯರ್ಥಿಯನ್ನು ನೋಡುವುದಷ್ಟೇ ಅಲ್ಲ, ಅಭ್ಯರ್ಥಿಯೂ ಕಂಪನಿಯನ್ನು ನೋಡಬೇಕು. ಆನ್‌ಲೈನ್‌ನಲ್ಲಿ ಅವರಿಗೆ ನಮ್ಮ ಮನೆಯ ಗೋಡೆ, ಹಿಂದಿನ ಬೀರು, ಅಡುಗೆಮನೆಯ ಕುಕ್ಕರ್ ಕೂಗು ಎಲ್ಲವೂ ಸಿಗುತ್ತವೆ. ನಮಗೆ ಸಿಗುವುದು ಮಸುಕುಗೊಳಿಸಿದ ಹಿನ್ನೆಲೆಯ ಮುಂದಿನ ಒಂದು ತಲೆ. ಕಚೇರಿಗೆ ಹೋದವರಿಗೆ ಮಾತ್ರ ಕಾಣುವ ಸಂಗತಿಗಳು ಹಲವು. ಗೇಟಿನ ಭದ್ರತಾ ಸಿಬ್ಬಂದಿ ಹೇಗೆ ಮಾತನಾಡಿಸಿದರು, ಹತ್ತು ಗಂಟೆಗೆ ಬರಹೇಳಿ ಎಷ್ಟು ಹೊತ್ತು ಕಾಯಿಸಿದರು, ಮುಂದೆ ನಮ್ಮ ಮೇಲಧಿಕಾರಿಯಾಗಲಿರುವವರು ಕಾಫಿ ತಂದಿಟ್ಟ ಹುಡುಗನನ್ನು ಹೇಗೆ ಕರೆದರು, ಸಂಜೆ ಏಳಕ್ಕೂ ಎಷ್ಟು ಕುರ್ಚಿಗಳಲ್ಲಿ ಜನರಿದ್ದರು ಎಂಬುದನ್ನೆಲ್ಲ ಯಾವ ಆಫರ್ ಲೆಟರ್ ಕೂಡ ಹೇಳುವುದಿಲ್ಲ. ಸಂಬಳದ ಅಂಕಿಗಿಂತ ಈ ವಿವರಗಳನ್ನೇ ನಂಬಿ ಕೆಲಸ ಆರಿಸಿಕೊಳ್ಳುವುದು ಕ್ಷೇಮವೆಂದು ನನ್ನ ಅಭಿಪ್ರಾಯ.

ಕಂಪನಿಗಳೂ ಈಗ ತಮ್ಮದೇ ಕಾರಣಕ್ಕೆ ಮುಖಾಮುಖಿಯತ್ತ ಮರಳುತ್ತಿವೆ. ಪರದೆಯಾಚೆ ಕೃತಕ ಬುದ್ಧಿಮತ್ತೆಯ ನೆರವಿನಿಂದ ಉತ್ತರಿಸುವವರು ಹೆಚ್ಚಿದ ಹಿನ್ನೆಲೆಯಲ್ಲಿ, ಕನಿಷ್ಠ ಒಂದು ಸುತ್ತನ್ನಾದರೂ ಎದುರಿಗೆ ಕೂರಿಸಿ ನಡೆಸುವುದಾಗಿ ಗೂಗಲ್‌ನ ಸುಂದರ್ ಪಿಚೈ 2025ರಲ್ಲಿ ಹೇಳಿದರು. ಕೇಂದ್ರ ಲೋಕಸೇವಾ ಆಯೋಗವಂತೂ ನಾಗರಿಕ ಸೇವೆಗಳ ಸಂದರ್ಶನವನ್ನು, ಅಂದರೆ 275 ಅಂಕಗಳ ತನ್ನ ವ್ಯಕ್ತಿತ್ವ ಪರೀಕ್ಷೆಯನ್ನು, ಕೋವಿಡ್ ಕಾಲದಲ್ಲೂ ದೆಹಲಿಯಲ್ಲೇ ನಡೆಸಿತು. 2020ರ ಜುಲೈನಲ್ಲಿ ರೈಲುಗಳು ಸರಿಯಾಗಿ ಓಡದಿದ್ದುದರಿಂದ ಅಭ್ಯರ್ಥಿಗಳಿಗೆ ವಿಮಾನದ ದರವನ್ನೇ ಭರಿಸಿಕೊಡಲು ನಿರ್ಧರಿಸಿತು. ಕರೆಸುವವರು ಖರ್ಚನ್ನೂ ಕೊಡಬೇಕೆಂಬ ಈ ಮರ್ಯಾದೆಯನ್ನು ಖಾಸಗಿ ಕಂಪನಿಗಳೂ ಪಾಲಿಸುವುದಾದರೆ ಅಂತಿಮ ಸುತ್ತಿನ ಬಗ್ಗೆ ನನ್ನದೇನೂ ತಕರಾರಿಲ್ಲ.

ಇನ್ನು ಎದುರಿಗೆ ಯಾರೂ ಇಲ್ಲದೆ, ಪ್ರಶ್ನೆ ಪರದೆಯಲ್ಲಿ ಮೂಡಿದೊಡನೆ ಉತ್ತರವನ್ನು ಧ್ವನಿಮುದ್ರಿಸಿ ಕಳಿಸುವ ಮೂರನೆಯ ಬಗೆಯೊಂದಿದೆ. ಅಂಥ ಸೇವೆ ನೀಡುವ ಹೈರ್‌ವ್ಯೂ ಅಭ್ಯರ್ಥಿಯ ಮುಖಭಾವವನ್ನೂ ಯಂತ್ರದಿಂದ ಅಳೆಸುತ್ತಿತ್ತು. ಟೀಕೆಗಳ ನಡುವೆ, ಅದನ್ನು ಕೈಬಿಟ್ಟಿರುವುದಾಗಿ 2021ರಲ್ಲಿ ಪ್ರಕಟಿಸಿತು. ಮರುಪ್ರಶ್ನೆ ಕೇಳಲು ಅಭ್ಯರ್ಥಿಗೆ ಅವಕಾಶವೇ ಇಲ್ಲದ ಈ ಬಗೆಗೆ ನಾನು ಐದಕ್ಕೆ ಒಂದು ಅಂಕವನ್ನೂ ಕೊಡಲಾರೆ. ಬೇರೆ ದಾರಿಯಿದ್ದವರು ಅಂಥ ಕರೆಯನ್ನು ನಯವಾಗಿ ನಿರಾಕರಿಸಿ, ಮನುಷ್ಯರೊಬ್ಬರೊಂದಿಗೆ ಹದಿನೈದು ನಿಮಿಷದ ಫೋನ್ ಮಾತುಕತೆಯನ್ನು ಕೇಳಿ ನೋಡಬಹುದು.