ಒಂದೇ ಮಿಯಾಟಾ, ಎರಡು ಸೂಪರ್‌ಚಾರ್ಜರ್: ಕೋನ್‌ಗಳ ನಡುವೆ ಯಾವುದು ಗೆದ್ದಿತು

ಕಾರು 1999ರ ಮಾಜ್ದಾ ಮಿಯಾಟಾ. 1.8 ಲೀಟರ್ ಎಂಜಿನ್, ಕಂಪನಿಯಿಂದ ಬಂದಾಗ 140 ಎಚ್‌ಪಿ, ತೂಕ ಹೆಚ್ಚುಕಡಿಮೆ 1,050 ಕೆ.ಜಿ. ಆಟೋಕ್ರಾಸ್‌ನ ಮೊದಲ ಎರಡು ಸೀಸನ್ ಇದರ ಮೇಲೆ ಈಟನ್ ಎಂ62 ಸೂಪರ್‌ಚಾರ್ಜರ್, ಅಂದರೆ ಎಂಜಿನ್‌ಗೆ ಹೆಚ್ಚು ಗಾಳಿ ತುರುಕುವ ಪಂಪು, ಇತ್ತು. ಮೂರನೇ ಸೀಸನ್‌ಗೆ ಅದನ್ನು ಬಿಚ್ಚಿ ರೋಟ್ರೆಕ್ಸ್ ಸಿ30-74 ಹಾಕಿಸಿದೆ. ಎರಡರಲ್ಲಿ ಯಾವುದು ಒಳ್ಳೆಯದು ಅಂತ ಗೆಳೆಯರು ಕೇಳುತ್ತಲೇ ಇರುತ್ತಾರೆ. ಡೈನೋ ಹಾಳೆ (ಶಕ್ತಿ ಅಳೆಯುವ ಯಂತ್ರ ಬರೆದುಕೊಡುವ ನಕ್ಷೆ) ಮುಂದಿಟ್ಟರೆ ಉತ್ತರ ಒಂದೇ ನಿಮಿಷದಲ್ಲಿ ಸಿಗುತ್ತದೆ, ಆದರೆ ಆ ಉತ್ತರ ತಪ್ಪು. ಎಂ62 ಚಕ್ರದಲ್ಲಿ 186 ಎಚ್‌ಪಿ ಕೊಟ್ಟಿತು, ರೋಟ್ರೆಕ್ಸ್ 218. ಆದರೂ ಈಗ ನನ್ನ ಬಾನೆಟ್ ಕೆಳಗೆ ಮತ್ತೆ ಎಂ62 ಕೂತಿದೆ.

ನಾನು ತೀರ್ಥಹಳ್ಳಿ ಕಡೆಯವನು. ನಮ್ಮೂರ ಕಡೆ ಆಟೋಕ್ರಾಸ್ ಅಂದರೆ ಮಣ್ಣಿನ ಮೈದಾನ, ಕೆಂಪು ಧೂಳು, ಬಾಲ ಬೀಸುತ್ತಾ ಹೋಗುವ ಜಿಪ್ಸಿಗಳು. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹಾಗಲ್ಲ. ಖಾಲಿ ಪಾರ್ಕಿಂಗ್ ಜಾಗದಲ್ಲೋ ಹಳೆಯ ವಿಮಾನ ನಿಲ್ದಾಣದ ಟಾರ್ಮ್ಯಾಕ್ ಮೇಲೋ ಕಿತ್ತಳೆ ಕೋನ್‌ಗಳನ್ನಿಟ್ಟು ದಾರಿ ಮಾಡುತ್ತಾರೆ. ಬೆಳಗ್ಗೆ ಆ ದಾರಿಯನ್ನು ಕಾಲ್ನಡಿಗೆಯಲ್ಲಿ ಸುತ್ತಿ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು, ಕಾರಿನಲ್ಲಿ ಅಭ್ಯಾಸದ ಸುತ್ತು ಇಲ್ಲ. ಆಮೇಲೆ ಒಬ್ಬೊಬ್ಬರಾಗಿ ಗಡಿಯಾರದ ವಿರುದ್ಧ ಓಟ. ಒಂದು ಓಟ ಐವತ್ತು ಸೆಕೆಂಡಿನ ಆಸುಪಾಸು. ಒಂದು ಕೋನ್ ಬಿದ್ದರೆ 2 ಸೆಕೆಂಡ್ ದಂಡ. ಎರಡನೇ ಗೇರ್‌ಗೆ ಹಾಕಿದ ಮೇಲೆ ಬಹಳಷ್ಟು ಸಲ ಕೊನೆಯವರೆಗೂ ಅದೇ ಗೇರ್.

ಎಲ್ಲ ನಿರ್ಧಾರವಾಗುವುದು ಆ ಎರಡನೇ ಗೇರ್‌ನಲ್ಲೇ. ಈ ಕಾರಿನ ಎರಡನೇ ಗೇರ್ ಅನುಪಾತ 1.888, ಡಿಫರೆನ್ಷಿಯಲ್‌ನದು 4.3, ಟೈರು 225/45 ಅಳತೆಯ 15 ಇಂಚಿನದು. ಲೆಕ್ಕ ಹಾಕಿದರೆ 7,000 ಆರ್‌ಪಿಎಂಗೆ 95 ಕಿ.ಮೀ. ವೇಗ ಬರುತ್ತದೆ. 50 ಕಿ.ಮೀ. ವೇಗದ ತಿರುವಿನಲ್ಲಿ ಎಂಜಿನ್ 3,700ರಲ್ಲಿ ತಿರುಗುತ್ತಿರುತ್ತದೆ. ಪೂರ್ತಿ ಹಿಂದಿರುಗುವ ಹೇರ್‌ಪಿನ್‌ನಲ್ಲಿ 35 ಕಿ.ಮೀ.ಗೆ ಇಳಿದರೆ ಬರೀ 2,600. ಡೈನೋ ಹಾಳೆಯಲ್ಲಿ ಎಲ್ಲರ ಕಣ್ಣು ಹೋಗುವುದು ಬಲತುದಿಯ ಶಿಖರಕ್ಕೆ. ಕೋನ್‌ಗಳ ನಡುವೆ ನಾವು ಬದುಕುವುದು ಹಾಳೆಯ ಎಡ ಅರ್ಧದಲ್ಲಿ.

ಎಂ62 ರೂಟ್ಸ್ ಮಾದರಿಯದು. ಮೂರು ಎಸಳಿನ ಎರಡು ರೋಟರ್‌ಗಳು ಒಂದರೊಳಗೊಂದು ಹೊಸೆದುಕೊಂಡು ತಿರುಗುತ್ತವೆ. ಪ್ರತಿ ಸುತ್ತಿಗೆ 62 ಘನ ಇಂಚು, ಅಂದರೆ ಸುಮಾರು ಒಂದು ಲೀಟರ್ ಗಾಳಿಯನ್ನು ಆಚೆಯಿಂದ ಈಚೆಗೆ ಹಾಕುತ್ತದೆ. 1.8 ಲೀಟರ್ ಎಂಜಿನ್ ತನ್ನ ಒಂದು ಸುತ್ತಿಗೆ ಎಳೆದುಕೊಳ್ಳುವುದು 0.9 ಲೀಟರ್. ಬೆಲ್ಟ್ ಈ ಬ್ಲೋವರನ್ನು ಎಂಜಿನ್‌ಗಿಂತ ಜೋರಾಗಿ ತಿರುಗಿಸುವುದರಿಂದ ಹೆಚ್ಚಾದ ಗಾಳಿ ಮ್ಯಾನಿಫೋಲ್ಡ್‌ನಲ್ಲಿ (ಎಂಜಿನ್‌ಗೆ ಗಾಳಿ ಹೋಗುವ ಕೊಳವೆಗಳಲ್ಲಿ) ತುರುಕಿಕೊಳ್ಳಲೇಬೇಕು. ಹಾಗಾಗಿ 3,000ದಲ್ಲೂ ಬೂಸ್ಟ್, ಅಂದರೆ ಆ ಹೆಚ್ಚುವರಿ ಗಾಳಿಯ ಒತ್ತಡ, ಇರುತ್ತದೆ. ನನ್ನ ಪುಲ್ಲಿಯಲ್ಲಿ ಆಗಲೇ ಆರೂವರೆ ಪಿಎಸ್‌ಐ, ಮೇಲೆ ಎಂಟು.

ರೋಟ್ರೆಕ್ಸ್ ಸೆಂಟ್ರಿಫ್ಯೂಗಲ್. ಟರ್ಬೋದಲ್ಲಿರುವಂಥದೇ ಇಂಪೆಲ್ಲರ್ (ಗಾಳಿ ಎಸೆಯುವ ಚಕ್ರ), ಆದರೆ ತಿರುಗಿಸುವುದು ಬೆಲ್ಟ್. ಒಳಗೆ ಹಲ್ಲಿನ ಗೇರ್‌ಗಳಿಲ್ಲ. ನುಣುಪಾದ ರೋಲರ್‌ಗಳು ವಿಶೇಷ ಎಣ್ಣೆಯ ಹಿಡಿತದಿಂದಲೇ ಒಂದನ್ನೊಂದು ತಿರುಗಿಸುತ್ತವೆ. ಪುಲ್ಲಿಯ ಒಂದು ಸುತ್ತಿಗೆ ಇಂಪೆಲ್ಲರ್ ಸುಮಾರು ಒಂಬತ್ತೂವರೆ ಸುತ್ತು, ಮೇಲೆ ಲಕ್ಷದ ಹತ್ತಿರದ ಆರ್‌ಪಿಎಂ. ಬಿಚ್ಚಿಟ್ಟು ನೋಡಿದರೆ ಕೈಮುಗಿಯಬೇಕು ಅನ್ನಿಸುವಷ್ಟು ಚೆಂದದ ಕೆಲಸ. ಆದರೆ ಸೆಂಟ್ರಿಫ್ಯೂಗಲ್‌ನ ಬೂಸ್ಟ್ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಅರ್ಧವಾದರೆ ಬೂಸ್ಟ್ ಕಾಲು ಭಾಗಕ್ಕೆ ಇಳಿಯುತ್ತದೆ. 7,000ದಲ್ಲಿ ಹತ್ತೂವರೆ ಪಿಎಸ್‌ಐ ಕೊಟ್ಟದ್ದು 3,700ರಲ್ಲಿ ಮೂರು ಕೊಟ್ಟಿತು. ಹೇರ್‌ಪಿನ್‌ನಲ್ಲಿ ಒಂದೂವರೆ. ಅಲ್ಲಿ ಸೂಪರ್‌ಚಾರ್ಜರ್ ಇದೆ ಅನ್ನುವುದೇ ಕಾಲಿಗೆ ಗೊತ್ತಾಗುವುದಿಲ್ಲ.

ಇಷ್ಟು ಹೇಳಿದ ಮೇಲೆ ಎಂ62ರ ಕಷ್ಟವನ್ನೂ ಹೇಳಬೇಕು. ಅದರ ಶತ್ರು ಶಾಖ. ರೂಟ್ಸ್ ಬ್ಲೋವರ್ ಒಳಗೆ ಗಾಳಿಯನ್ನು ಒತ್ತುವುದಿಲ್ಲ, ಸುಮ್ಮನೆ ದೂಡುತ್ತದೆ. ಒತ್ತಡ ಹುಟ್ಟುವುದು ಹೊರಬಾಯಲ್ಲಿ, ಹಿಂದಕ್ಕೆ ನುಗ್ಗುವ ಗಾಳಿಯ ಜೊತೆ ಗುದ್ದಾಡಿ. ಆ ಗುದ್ದಾಟವೆಲ್ಲ ಬಿಸಿಯಾಗುತ್ತದೆ. ಮೊದಲ ಸೀಸನ್ ಇಂಟರ್‌ಕೂಲರ್ (ಆ ಬಿಸಿ ಗಾಳಿಯನ್ನು ತಣಿಸುವ ಭಾಗ) ಇಲ್ಲದೆ ಓಡಿಸಿದೆ. ಜುಲೈ ತಿಂಗಳು, ಹೊರಗೆ 39 ಡಿಗ್ರಿ. ಮೊದಲ ಓಟ ಚೆನ್ನಾಗಿಯೇ ಹೋಯಿತು. ನಾಲ್ಕನೇ ಓಟಕ್ಕೆ ಗ್ರಿಡ್‌ನಲ್ಲಿ, ಅಂದರೆ ಸರದಿಯ ಸಾಲಿನಲ್ಲಿ, ಕಾಯುತ್ತಿದ್ದಾಗ ಒಳಗಾಳಿಯ ತಾಪ 74 ತೋರಿಸುತ್ತಿತ್ತು. ಸ್ಲಾಲಮ್ (ಸಾಲು ಕೋನ್‌ಗಳ ನಡುವೆ ಹಾವಿನಂತೆ ಸುತ್ತುವ ಭಾಗ) ದಾಟಿ ಕಾಲು ಪೂರ್ತಿ ಒತ್ತಿದಾಗ ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ ಸದ್ದು ಕೇಳಿಸಿತು. ನಾಕ್, ಅಂದರೆ ಇಂಧನ ಸಿಲಿಂಡರ್ ಒಳಗೆ ತಾನಾಗಿಯೇ ಸಿಡಿಯುವುದು. ಇಲ್ಲಿಯ ಬಂಕ್‌ಗಳಲ್ಲಿ ಸಿಗುವ ಪ್ರೀಮಿಯಂ ಪೆಟ್ರೋಲ್ 91 ಆಕ್ಟೇನ್‌ನದು, ಅಷ್ಟು ಬಿಸಿ ಗಾಳಿಯನ್ನು ಅದು ತಡೆಯಲಿಲ್ಲ. ಕಾಲು ತೆಗೆದು ನಿಧಾನಕ್ಕೆ ಹೊರಗೆ ಬಂದೆ. ಪಿಸ್ಟನ್‌ಗಳು ಉಳಿದವು.

ಮುಂದಿನ ಸೀಸನ್‌ಗೆ ನೀರಿನಿಂದ ತಣಿಸುವ ಇಂಟರ್‌ಕೂಲರ್ ಹಾಕಿದೆ. ಅದರ ಜೊತೆ ಗ್ರಿಡ್‌ನ ಕೆಲಸವೂ ಬದಲಾಯಿತು. ಓಟ ಮುಗಿದ ಕೂಡಲೇ ಬಾನೆಟ್ ಎತ್ತುವುದು, ಬ್ಲೋವರ್ ಮೇಲೆ ಒದ್ದೆ ಟವಲ್ ಸುತ್ತಿದ ಐಸ್ ಚೀಲ ಇಡುವುದು, ಇಂಟರ್‌ಕೂಲರ್ ಪಂಪನ್ನು ಓಡುತ್ತಲೇ ಬಿಡುವುದು. ಟೈರುಗಳಿಗೆ ನೀರು ಹೊಡೆಯಲು ಇಲ್ಲಿ ಎಲ್ಲರೂ ಬಳಸುವ ಪಂಪು ನಮ್ಮಲ್ಲಿ ತೋಟಕ್ಕೆ ಔಷಧಿ ಹೊಡೆಯುವಂಥದೇ. ಅಪ್ಪ ಕೊಳೆರೋಗದ ಕಾಲದಲ್ಲಿ ಹಿಡಿಯುತ್ತಿದ್ದ ಹಿಡಿಕೆ ನನ್ನ ಕೈಗೆ ಪರಿಚಿತ.

ರೋಟ್ರೆಕ್ಸ್‌ಗೆ ಈ ಯಾವ ಆರೈಕೆಯೂ ಬೇಡ. ಮುಂದೆ ಗಾಳಿಯಿಂದ ತಣಿಯುವ ಇಂಟರ್‌ಕೂಲರ್, ಎಣ್ಣೆಗೆ ಪುಟ್ಟ ಕೂಲರ್, ಅಷ್ಟೇ. ಅದೇ ಬಿಸಿಲಿನಲ್ಲಿ ತಾಪ 50 ದಾಟಲಿಲ್ಲ. ಇಡೀ ದಿನ ಮೊದಲ ಓಟದ ಹಾಗೆಯೇ ಕೊನೆಯ ಓಟ. ಈ ನೆಮ್ಮದಿಯ ಬೆಲೆ ಸಣ್ಣದಲ್ಲ. ಬೆಲ್ಟ್‌ನ ತಾಪತ್ರಯ ಮಾತ್ರ ಎರಡಕ್ಕೂ ಒಂದೇ. ರೋಟ್ರೆಕ್ಸ್ ಕೂರಿಸಿಕೊಟ್ಟ ಗ್ಯಾರೇಜಿನವರು ಐಡ್ಲರ್ ಪುಲ್ಲಿಯನ್ನು (ಬೆಲ್ಟ್‌ಗೆ ದಾರಿ ತೋರಿಸುವ ಗಾಲಿಯನ್ನು) ಎರಡು ಮಿಲಿಮೀಟರ್ ಓರೆಯಾಗಿ ಬಿಟ್ಟಿದ್ದರು. ಮೂರನೇ ಸ್ಪರ್ಧೆಯ ಹೊತ್ತಿಗೆ ಬ್ರಾಕೆಟ್ ಮೇಲೆ ಕಾಡಿಗೆಯಂಥ ರಬ್ಬರ್ ಪುಡಿ, ಬೂಸ್ಟ್ ಎಂಟಕ್ಕೆ ಬಂದು ನಿಂತಿತ್ತು. ನೇರ ಪಟ್ಟಿ ಹಿಡಿದು ಪುಲ್ಲಿಗಳನ್ನೆಲ್ಲ ಒಂದೇ ಸಾಲಿಗೆ ತಂದ ಮೇಲೆ ಸರಿಹೋಯಿತು. ಇನ್ನೊಬ್ಬರು ಕೂರಿಸಿದ್ದಾದರೂ ಈ ಒಂದು ಅಳತೆಯನ್ನು ನೀವೇ ನೋಡಿ.

ಟ್ಯೂನಿಂಗ್‌ನಲ್ಲಿ ರೋಟ್ರೆಕ್ಸ್ ಸುಲಭ, ಎಂ62 ಹಟಮಾರಿ. ಎರಡಕ್ಕೂ ಮೆಗಾಸ್ಕ್ವರ್ಟ್ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್), ದೊಡ್ಡ ಇಂಜೆಕ್ಟರ್, ಗಾಳಿ-ಇಂಧನದ ಅಳತೆ ತೋರಿಸುವ ವೈಡ್‌ಬ್ಯಾಂಡ್ ಸೆನ್ಸರ್ ಬಳಸಿದೆ. ಬೂಸ್ಟ್‌ನಲ್ಲಿ ಗಾಳಿ-ಇಂಧನ ಅನುಪಾತ 11.6ರ ಸುತ್ತ ಇಟ್ಟೆ. ಒಂದೊಂದು ಪಿಎಸ್‌ಐಗೆ ಒಂದೊಂದು ಡಿಗ್ರಿ ಇಗ್ನಿಷನ್ ಹಿಂದಕ್ಕೆ ಎಳೆಯುವುದರಿಂದ, ಅಂದರೆ ಕಿಡಿಯನ್ನು ಅಷ್ಟು ತಡವಾಗಿ ಹೊತ್ತಿಸುವುದರಿಂದ, ಶುರು ಮಾಡಿದೆ. ರೋಟ್ರೆಕ್ಸ್ ಬೂಸ್ಟ್ ಮೆಲ್ಲಗೆ ಏರುವುದರಿಂದ ಇಂಧನದ ಟೇಬಲ್ ಎರಡು ಸಂಜೆಯಲ್ಲಿ ಮುಗಿಯಿತು. ಎಂ62ರಲ್ಲಿ ಬೈಪಾಸ್ ವಾಲ್ವ್ ಎಂಬುದೊಂದಿದೆ. ಕಾಲು ಎತ್ತಿದಾಗ ತೆರೆದು ಗಾಳಿಯನ್ನು ಸುತ್ತಿಸುತ್ತದೆ, ಒತ್ತಿದಾಗ ಮುಚ್ಚುತ್ತದೆ. ಅದು ಪಟ್ಟನೆ ಮುಚ್ಚಿದರೆ ಕಾರು ಕುಕ್ಕುತ್ತದೆ, ಸ್ಲಾಲಮ್ ನಡುವೆ ಆ ಕುಕ್ಕಿಗೆ ಹಿಂಬದಿ ಜಾರುತ್ತದೆ. ಕಾಲು ಒತ್ತಿದ ಕ್ಷಣಕ್ಕೆ ಕೊಡುವ ಹೆಚ್ಚುವರಿ ಪೆಟ್ರೋಲ್ ಎಷ್ಟು, ಎಷ್ಟು ಹೊತ್ತು ಎಂದು ತಿದ್ದುತ್ತಾ ಒಂದು ತಿಂಗಳು ಕಳೆದೆ. ಒಳಗಾಳಿ 45 ಡಿಗ್ರಿ ದಾಟಿದರೆ ಇಗ್ನಿಷನ್ ತಾನಾಗಿ ಹಿಂದೆ ಸರಿಯುವ ಹಾಗೂ ಬರೆದೆ. ಅದಾದ ಮೇಲೆ ಆ ಸಾಸಿವೆ ಸದ್ದು ಕೇಳಿಲ್ಲ.

ಬೇರೆ ಬೇರೆ ವರ್ಷದ ಓಟಗಳನ್ನು ಹೋಲಿಸುವುದು ಹೇಗೆ? ನನ್ನ ಗೆಳೆಯನೊಬ್ಬ, ದಾವಣಗೆರೆಯವನು, ಇದೇ ತಲೆಮಾರಿನ ಮಿಯಾಟಾವನ್ನು ಸೂಪರ್‌ಚಾರ್ಜರ್ ಇಲ್ಲದೆ, ಇದೇ ಟೈರಿನಲ್ಲಿ ಮೂರೂ ಸೀಸನ್ ಓಡಿಸಿದ್ದಾನೆ. ಅವನಿಗಿಂತ ನಾನು ಎಷ್ಟು ಮುಂದೆ ಎಂಬುದೇ ನನ್ನ ಅಳತೆಗೋಲು. ಇಕ್ಕಟ್ಟಾದ ಪಾರ್ಕಿಂಗ್ ಮೈದಾನದಲ್ಲಿ ಎಂ62 (ಇಂಟರ್‌ಕೂಲರ್ ಹಾಕಿದ ಮೇಲೆ) ಸರಾಸರಿ 1.6 ಸೆಕೆಂಡ್ ಮುಂದಿಟ್ಟಿತು, ರೋಟ್ರೆಕ್ಸ್ 0.9. ವಿಮಾನ ನಿಲ್ದಾಣದ ಅಗಲ ಜಾಗದಲ್ಲಿ ಲೆಕ್ಕ ತಿರುಗುಮುರುಗು: ರೋಟ್ರೆಕ್ಸ್ 2.2, ಎಂ62 1.7. ಹೇರ್‌ಪಿನ್‌ಗೆ ಮೊದಲನೇ ಗೇರ್ ಹಾಕಿ ರೋಟ್ರೆಕ್ಸನ್ನು ಎಬ್ಬಿಸಲೂ ನೋಡಿದೆ. ಮೊದಲನೇ ಗೇರ್ 57 ಕಿ.ಮೀ.ಗೇ ಮುಗಿಯುತ್ತದೆ. ಎರಡು ಸಲ ಗೇರ್ ಬದಲಿಸುವುದರಲ್ಲಿ ಗಳಿಸಿದ್ದಕ್ಕಿಂತ ಕಳೆದದ್ದೇ ಹೆಚ್ಚು.

ರೋಟ್ರೆಕ್ಸ್ ಪರವಾಗಿ ಮನಸ್ಸು ಬಿಚ್ಚಿ ಹೇಳಬೇಕಾದ ಮಾತೊಂದಿದೆ. ಒದ್ದೆ ನೆಲದಲ್ಲಿ ಅದು ಬಂಗಾರ. ಕೆಳಗಿನ ಮೃದುತನದಿಂದ ಹಿಂದಿನ ಟೈರು ಹಿಡಿತ ಬಿಡುವುದೇ ಇಲ್ಲ. ಮಳೆ ಬಂದ ಒಂದೇ ಒಂದು ಭಾನುವಾರ ನನ್ನ ಮೂರು ಸೀಸನ್‌ನ ಅತ್ಯುತ್ತಮ ಓಟ ಬಂತು. ಎಂ62 ಇದ್ದಾಗ ಒಳ್ಳೆಯ ಟಾರ್ಸೆನ್ ಡಿಫರೆನ್ಷಿಯಲ್ (ಜಾರುವ ಚಕ್ರ ಬಿಟ್ಟು ಹಿಡಿತವಿರುವ ಚಕ್ರಕ್ಕೆ ಹೆಚ್ಚು ಬಲ ಕಳಿಸುವಂಥದು) ಇಲ್ಲದಿದ್ದರೆ ತಿರುವಿನ ಒಳಚಕ್ರ ಬರೀ ಹೊಗೆಯಾಡುತ್ತದೆ.

ಟರ್ಬೋ ಯಾಕೆ ಬೇಡ ಅಂದರೆ, ಕಾಲಿಗೂ ಚಕ್ರಕ್ಕೂ ನಡುವೆ ಕಾಯುವುದು ನನಗಾಗದು. ಕ್ಲಾಸ್ ವಿಷಯ: ಸೂಪರ್‌ಚಾರ್ಜರ್ ಹೊಸದಾಗಿ ಹಾಕಿದ ಕೂಡಲೇ ಎಸ್‌ಸಿಸಿಎ (ಇಲ್ಲಿಯ ಸ್ಪೋರ್ಟ್ಸ್ ಕಾರ್ ಕ್ಲಬ್) ನಿಯಮದಲ್ಲಿ ಸ್ಟ್ರೀಟ್, ಸ್ಟ್ರೀಟ್ ಟೂರಿಂಗ್ ಕ್ಲಾಸ್‌ಗಳಿಂದ ಹೊರಬಿದ್ದು ದೊಡ್ಡ ಕಾರುಗಳ ಜೊತೆ ನಿಲ್ಲುತ್ತೀರಿ. ಕ್ಯಾಲಿಫೋರ್ನಿಯಾದ ರಸ್ತೆಯಲ್ಲಿ ಓಡಿಸುವುದಾದರೆ ಕಿಟ್‌ಗೆ ರಾಜ್ಯದ ಮಂಜೂರಾತಿ ಸಂಖ್ಯೆ ಇರಬೇಕು. ನನ್ನ ಕಾರು ಟ್ರೇಲರ್ ಮೇಲೆಯೇ ಮೈದಾನಕ್ಕೆ ಹೋಗುತ್ತದೆ.

ನಮ್ಮ ಮೈದಾನಗಳಲ್ಲಿ ಮುಕ್ಕಾಲು ಪಾಲು ಇಕ್ಕಟ್ಟಿನವೇ ಆದ್ದರಿಂದ ಎಂ62 ವಾಪಸ್ ಬಂತು. ರೋಟ್ರೆಕ್ಸ್ ಗೆಳೆಯನ ಕಾರಿಗೆ ಹೋಯಿತು. ಅವನಿಗೀಗ ಥಂಡರ್‌ಹಿಲ್‌ನಂಥ ಉದ್ದನೆಯ ಟ್ರ್ಯಾಕ್‌ಗಳ ಹುಚ್ಚು ಹಿಡಿದಿದೆ, ಅಲ್ಲಿ ಎಂಜಿನ್ 5,000ಕ್ಕಿಂತ ಕೆಳಗೆ ಬರುವುದೇ ಅಪರೂಪ. ಕಳೆದ ವಾರ ಅವನ ಗ್ಯಾರೇಜಿನಲ್ಲಿ ಇಬ್ಬರೂ ಕೂತು ಐಡ್ಲರ್ ಪುಲ್ಲಿಯನ್ನು ಮತ್ತೊಮ್ಮೆ ನೇರ ಪಟ್ಟಿ ಹಿಡಿದು ನೋಡಿದೆವು. ಅರ್ಧ ಮಿಲಿಮೀಟರ್ ಓರೆ ಇತ್ತು, ತೆಳು ವಾಷರ್ ಒಂದನ್ನು ಹಾಕಿ ಆ ಓರೆಯನ್ನು ಸರಿಮಾಡಿದೆವು.