ಸೀನಿಗೆ ಮೂರು ಮದ್ದು: ಆಡುಸೋಗೆ, ಅಮೃತಬಳ್ಳಿ, ಅಣು ತೈಲ

ನಮ್ಮ ಮನೆಯ ಪಕ್ಕದಲ್ಲೊಂದು ಖಾಲಿ ನಿವೇಶನವಿದೆ. ಮಳೆಗಾಲ ಮುಗಿಯುವ ಹೊತ್ತಿಗೆ ಅಲ್ಲಿ ಕಾಂಗ್ರೆಸ್ ಗಿಡ ಹೂಬಿಡುತ್ತದೆ, ಇಲ್ಲಿ ನನ್ನ ಮೂಗು ಸೋರತೊಡಗುತ್ತದೆ. ಸೆಟಿರಿಜಿನ್ ಎಂಬ ಅಲರ್ಜಿ ಗುಳಿಗೆ ನುಂಗಿದರೆ ಒಂದು ಗಂಟೆಯಲ್ಲಿ ಸೀನು ನಿಲ್ಲುತ್ತದೆ. ಆಮೇಲೆ ಕಚೇರಿಯಲ್ಲಿ ತೂಕಡಿಕೆ. ಹಾಗಾಗಿ ಮೂರು ವರ್ಷ ಮೂರು ಮೂಲಿಕೆಗಳನ್ನು ಪರೀಕ್ಷಿಸಿದೆ. ಬೆಳಿಗ್ಗೆ ಎದ್ದ ಮೊದಲ ಅರ್ಧ ಗಂಟೆಯ ಸೀನುಗಳನ್ನು ಕ್ಯಾಲೆಂಡರಿನಲ್ಲಿ ಗೆರೆ ಎಳೆದು ಎಣಿಸುತ್ತಿದ್ದೆ. ಮದ್ದಿಲ್ಲದ ದಿನ ಹದಿನೈದಕ್ಕೆ ಕಡಿಮೆ ಇರಲಿಲ್ಲ.

ಆಡುಸೋಗೆ ಎಲೆಯನ್ನು ಬಾಡಿಸಿ, ರಸ ಹಿಂಡಿ, ಜೇನು ಬೆರೆಸಿ ಕುಡಿದೆ. ಗೆರೆಗಳು ಕದಲಲಿಲ್ಲ. ತಪ್ಪು ಗಿಡದ್ದಲ್ಲ. ಅದರಲ್ಲಿರುವ ವ್ಯಾಸಿಸಿನ್ ಕಫ ಸಡಿಲಿಸುವ ಅಂಶ. ಕೆಮ್ಮಿನ ಸಿರಪ್ಪಿನ ಬ್ರೋಮ್‌ಹೆಕ್ಸಿನ್ ಹುಟ್ಟಿದ್ದೂ ಅದರಿಂದಲೇ. ಎದೆಯ ಮದ್ದನ್ನು ನಾನು ಮೂಗಿಗೆ ಹಚ್ಚಿದ್ದೆ.

ಅಮೃತಬಳ್ಳಿಯ ಮೇಲೆ ಹೆಚ್ಚು ಭರವಸೆಯಿತ್ತು. ಅದರ ಸಾರವನ್ನು 75 ಅಲರ್ಜಿ ರೋಗಿಗಳ ಮೇಲೆ 8 ವಾರ ಪರೀಕ್ಷಿಸಿದ ಭಾರತೀಯ ಅಧ್ಯಯನವೊಂದು 2005ರಲ್ಲಿ ಪ್ರಕಟವಾಗಿದೆ. ಸೀನು, ಸೋರಿಕೆ ಎರಡೂ ತಗ್ಗಿದವೆಂದು ಅದು ಹೇಳುತ್ತದೆ. ನಾನೂ ಗುಳಿಗೆಯನ್ನು ಅಷ್ಟೇ ವಾರ ನುಂಗಿದೆ. ಐದನೆಯ ವಾರದಿಂದ ಗೆರೆಗಳು ಎಂಟಕ್ಕೆ ಇಳಿದವು. ಆದರೆ ಅದೇ ವಾರ ಯಾರೋ ಬಂದು ನಿವೇಶನದ ಕಳೆ ಕಿತ್ತುಹಾಕಿದ್ದರು! ಶ್ರೇಯಸ್ಸು ಬಳ್ಳಿಗೋ ಕುಡುಗೋಲಿಗೋ ಹೇಳಲಾರೆ. ಜೊತೆಗೆ, ಕೊರೊನಾ ಕಾಲದಲ್ಲಿ ಇದನ್ನು ಸೇವಿಸಿದ ಕೆಲವರ ಯಕೃತ್ತಿಗೆ ಹಾನಿಯಾಯಿತೆಂದು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದರು, ಆಯುಷ್ ಸಚಿವಾಲಯ ಒಪ್ಪಲಿಲ್ಲ. ಇದೇ ಜಾತಿಯ ಬೇರೆ ಬಳ್ಳಿಯೂ ನೋಡಲು ಹೀಗೆಯೇ ಇರುವುದರಿಂದ ಬೇಲಿಯಿಂದ ಕಿತ್ತು ಕುದಿಸುವ ಧೈರ್ಯ ನನಗಿಲ್ಲ.

ಅಣು ತೈಲ ಎಳ್ಳೆಣ್ಣೆಯಲ್ಲಿ ಹಲವು ಮೂಲಿಕೆ, ಆಡಿನ ಹಾಲು ಸೇರಿಸಿ ಕಾಯಿಸಿದ್ದು. ಬೆಳಿಗ್ಗೆ ಹೊಳ್ಳೆಗೆ ಎರಡೆರಡು ಹನಿ. ಗಂಟಲಿಗಿಳಿಯುವ ಜಿಡ್ಡು ಅಸಹ್ಯ, ಆದರೆ ಮೂರನೆಯ ದಿನಕ್ಕೇ ಗೆರೆಗಳು ಆರು. ಆ ವರ್ಷ ಕಳೆಯನ್ನು ಯಾರೂ ಮುಟ್ಟಿರಲಿಲ್ಲ. ಮೂಲಿಕೆಯ ಗುಣಕ್ಕಿಂತ ಎಣ್ಣೆಯ ಪದರಕ್ಕೇ ಪರಾಗ ಅಂಟಿಕೊಂಡಿತೇನೋ ಎಂಬ ಗುಮಾನಿ ನನ್ನದು. ಮರೆತು ಹೊರಗೆ ಹೋಗಿ ಬಂದ ಮೇಲೆ ಹಾಕಿದ ದಿನಗಳಲ್ಲಿ ಏನೂ ಉಪಯೋಗವಾಗಲಿಲ್ಲ. ಎಣ್ಣೆ ಶ್ವಾಸಕೋಶಕ್ಕಿಳಿದರೆ ತೊಂದರೆಯೆಂದು ವೈದ್ಯರು ಎಚ್ಚರಿಸಿದ್ದರಿಂದ ಮಲಗುವ ಮುನ್ನ ಹಾಕುವುದಿಲ್ಲ.

ಈ ವರ್ಷವೂ ಅಣು ತೈಲವೇ. ಸೆಟಿರಿಜಿನ್ ಪಟ್ಟಿ ಜೇಬಿನಲ್ಲಿದೆ, ಭಾನುವಾರಗಳಿಗೆ: ಅಂದು ತೂಕಡಿಸಿದರೆ ಕೇಳುವವರಿಲ್ಲ.